ತಣ್ಣೀರಿನ ಅಂಕ

ಒದ್ದೆ ಕಬ್ಬಿಣದ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಏಳು ವರ್ಷ. ರಕ್ತ ಹತ್ತಿದ ಬಟ್ಟೆಯನ್ನು ತಣ್ಣೀರಿನಲ್ಲಿ ನೆನೆಸಿದಾಗ ಏಳುವ ವಾಸನೆ ಅದು. ನನ್ನ ಅಮ್ಮ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಒಗೆಯುವ ಕೆಲಸಕ್ಕಿದ್ದಳು. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಯ ಸಿಮೆಂಟ್ ತೊಟ್ಟಿಯ ಕಟ್ಟೆಯ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದೆ. ಶಾಲೆಯಲ್ಲಿ ಯಾರಾದರೂ "ನಿಮ್ಮಮ್ಮ ಏನು ಮಾಡ್ತಾರೆ?" ಎಂದು ಕೇಳಿದರೆ "ಆಸ್ಪತ್ರೆಯಲ್ಲಿದ್ದಾರೆ" ಎನ್ನುತ್ತಿದ್ದೆ. ಕೇಳಿದವರು ನರ್ಸ್ ಎಂದುಕೊಳ್ಳುತ್ತಿದ್ದರು. ನಾನು ತಿದ್ದಲಿಲ್ಲ. ಕಾಲೇಜು ಮುಗಿಸಿದೆ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದೆ. ಆಗಲೂ ತಿದ್ದಲಿಲ್ಲ.

ಇದು ನನ್ನ ಕಥೆಯಲ್ಲ. ಕಡ್ಡಿಯ ಕಥೆ.

ಕಡ್ಡಿ ಅವಳ ಹೆಸರಲ್ಲ. ಲಾಂಡ್ರಿಯ ಹೆಂಗಸರು ಇಟ್ಟದ್ದು. ಹತ್ತೊಂಬತ್ತು ವರ್ಷದ ಹುಡುಗಿ, ಬೆಂಕಿಕಡ್ಡಿಯ ಹಾಗಿದ್ದಳು. ನನ್ನ ಅಮ್ಮ ನಿಂತಿದ್ದ ಅದೇ ತೊಟ್ಟಿಯಲ್ಲಿ ಈಗ ಅವಳ ಅಮ್ಮ ನಿಲ್ಲುತ್ತಾಳೆ. ಇಪ್ಪತ್ತೆರಡು ವರ್ಷವಾಯಿತು. ಕಡ್ಡಿಗೆ ಡಾಕ್ಟರ್ ಆಗಬೇಕು. ಅದಕ್ಕೊಂದು ಪ್ರವೇಶ ಪರೀಕ್ಷೆ. ಇನ್ನೂರು ಸೀಟು. ಒಬ್ಬರಿಗೆ ಮೂರೇ ಅವಕಾಶ. ಮೂರನೆಯ ಸಲವೂ ಆಗದಿದ್ದರೆ ಆ ಬಾಗಿಲು ಮುಚ್ಚಿತು.

ಮೊದಲ ಸಲ ಅವಳು ನಲವತ್ತು ಅಂಕ ಹಿಂದೆ ಬಿದ್ದಳು. ಪರೀಕ್ಷೆಗೆ ಎರಡು ತಿಂಗಳಿರುವಾಗ ಅವಳ ಅಮ್ಮನಿಗೆ ಎದೆಯಲ್ಲಿ ನೀರು ತುಂಬಿಕೊಂಡಿತು. ಬದಲಿ ಆಳು ಕೊಡದಿದ್ದರೆ ಕೆಲಸ ಹೋಗುತ್ತಿತ್ತು. ಕಡ್ಡಿ ತೊಟ್ಟಿಗಿಳಿದಳು. ಎರಡು ತಿಂಗಳು ಶೀಟು ತುಳಿದಳು. ಪರೀಕ್ಷೆಯ ದಿನ ಅವಳ ಬೆರಳುಗಳು ನೀರಿಗೆ ಸುಕ್ಕಾಗಿ ಪೆನ್ಸಿಲ್ ಜಾರುತ್ತಿತ್ತಂತೆ.

ಎರಡನೆಯ ಸಲಕ್ಕೆ ಅವಳನ್ನು ನಾನು ಪಾಠಕ್ಕೆ ಕೂರಿಸಿಕೊಂಡೆ. ಕೋಚಿಂಗ್ ಸೇರುವ ಶಕ್ತಿ ಆ ಮನೆಗಿರಲಿಲ್ಲ. ನನ್ನ ಬಳಿ ಹೊತ್ತಿತ್ತು. ನನ್ನ ಅಡುಗೆಮನೆಯ ಮೇಜಿನ ಮೇಲೆ ಒಂದು ವರ್ಷ ಓದಿದೆವು. ಅಮ್ಮನ ಬದಲಿಗೆ ಅವಳು ಪಾಳಿಗೆ ಹೋದ ದಿನ ನಾನೇ ಲಾಂಡ್ರಿಗೆ ಹೋಗುತ್ತಿದ್ದೆ. ಇಸ್ತ್ರಿ ಮೇಜಿನ ಬದಿಯಲ್ಲಿ ನಿಂತು ಅವಳು ಶೀಟು ಮಡಚುವಳು, ನಾನು ಪ್ರಶ್ನೆ ಓದುವೆ.

"ಮುಂಗೈಯಲ್ಲಿ ಎಷ್ಟು ಮೂಳೆ?"

"ಎರಡು. ಆ ತುದಿ ಹಿಡಿಯಿರಿ, ಟೀಚರಜ್ಜಿ."

ಬಾಯ್ಲರ್ ನೋಡಿಕೊಳ್ಳುವ ದಪ್ಪಕ್ಕ ಅಲ್ಲಿಂದಲೇ ಕೂಗುವಳು. "ಡಾಕ್ಟ್ರಮ್ಮಾ, ನನಗೆ ಸೊಂಟದಲ್ಲಿ ಎಷ್ಟು ಮೂಳೆ ಇದೆ ನೋಡೇ. ಎಲ್ಲಾ ಒಟ್ಟಿಗೆ ನೋಯ್ತಿವೆ."

"ನಿನ್ನ ಸೊಂಟ ಸಿಗಬೇಕಲ್ಲ ಅಕ್ಕ, ಮೊದಲು!"

ಎಲ್ಲರೂ ನಗುವರು. ನಗುತ್ತಲೇ ಕೆಲಸ. ಆ ಕೆಲಸ ಹೇಗಿತ್ತೆಂದು ಹೇಳಬೇಕು. ಆಪರೇಷನ್ ಕೋಣೆಯಿಂದ, ಹೆರಿಗೆ ವಾರ್ಡಿನಿಂದ ಶೀಟುಗಳು ಗಂಟುಗಂಟಾಗಿ ಬರುತ್ತವೆ. ಗಂಟು ಬಿಚ್ಚಿದರೆ ಏನಿರುತ್ತದೆಂದು ಗೊತ್ತಿಲ್ಲ. ರಕ್ತ, ಕೀವು, ಕೆಲವೊಮ್ಮೆ ಮರೆತ ಸೂಜಿ. ಮೊದಲು ತಣ್ಣೀರಿನ ತೊಟ್ಟಿ. ಮೊಣಕಾಲ ತನಕ ನೀರಲ್ಲಿ ನಿಂತು ತುಳಿಯಬೇಕು. ಕೆಂಪು ನೀರು ಬಿಟ್ಟು ಹೊಸ ನೀರು. ಮತ್ತೆ ತುಳಿತ. ಮೂರನೆಯ ನೀರಿಗೆ ಕಲೆ ಬಿಡುತ್ತದೆ. ಆಮೇಲೆ ಸೋಪು. ಕೊನೆಗೆ ಬಾಯ್ಲರ್. ಚಳಿಗಾಲದಲ್ಲಿ ಕಡ್ಡಿಯ ಅಮ್ಮನ ಹಿಮ್ಮಡಿ ಸೀಳಿ ಒಳಗಿನ ಕೆಂಪು ಕಾಣುತ್ತಿತ್ತು. ಕೈಯ ಬೆರಳುಗಳೂ ಹಾಗೆಯೇ. ರಬ್ಬರ್ ಬೂಟು ಕೇಳಿದಾಗ ಸೂಪರ್‌ವೈಸರ್ ಹೇಳಿದ್ದನಂತೆ: "ಬೂಟು ಹಾಕ್ಕೊಂಡು ತುಳಿದ್ರೆ ಶೀಟು ಹರೀತದೆ." ಕಾಲು ಹರಿದರೆ ಚಿಂತೆಯಿಲ್ಲ.

ಹೊಸದಾಗಿ ಸೇರಿದವರು ಮೊದಲ ದಿನ ಕೇಳುವುದು ಒಂದೇ. ಬಾಯ್ಲರಿನಲ್ಲಿ ಬಿಸಿನೀರು ಕುದಿಯುತ್ತಿರುವಾಗ ಇಲ್ಲೇಕೆ ಚಳಿಯಲ್ಲಿ ಸಾಯಬೇಕು? ಅದಕ್ಕೆ ಕಡ್ಡಿಯ ಅಮ್ಮನ ಉತ್ತರ ಸಿದ್ಧವಿತ್ತು.

"ರಕ್ತ ಅಂದ್ರೆ ಅತ್ತೆ ಇದ್ದ ಹಾಗೆ ಕಣೇ. ಬಿಸಿ ಮಾಡಿದ್ರೆ ಅಲ್ಲೇ ಕೂತ್ಬಿಡ್ತಾಳೆ. ತಣ್ಣಗೆ ಮಾತಾಡಿಸು, ತಾನಾಗೇ ಎದ್ದು ಹೋಗ್ತಾಳೆ."

ಎರಡನೆಯ ಸಲದ ಪರೀಕ್ಷೆ ಮುಗಿಯಿತು. ಒಂದು ವಾರಕ್ಕೆ ಸರಿ ಉತ್ತರಗಳ ಪಟ್ಟಿ ಹೊರಬಂತು. ಕಡ್ಡಿ ಅದನ್ನು ಹಿಡಿದು ನನ್ನ ಮನೆಗೆ ಓಡಿ ಬಂದಳು. ಬಾಗಿಲಲ್ಲೇ ನಕ್ಕಳು.

"ಟೀಚರಜ್ಜಿ, ಅರವತ್ತೇಳನೇ ಪ್ರಶ್ನೆ ನೋಡಿ. ಇವರ್ಯಾರೂ ಹುಟ್ಟಿದಾಗಿನಿಂದ ಒಂದು ಬಟ್ಟೆ ಒಗೆದಿಲ್ಲ."

ನೋಡಿದೆ. ಬಟ್ಟೆಯ ಮೇಲಿನ ಹಸಿ ರಕ್ತದ ಕಲೆಯನ್ನು ತೆಗೆಯಲು ಮೊದಲು ಯಾವುದರಲ್ಲಿ ಹಾಕಬೇಕು? ನಾಲ್ಕು ಆಯ್ಕೆ. ಕುದಿಯುವ ನೀರು, ತಣ್ಣೀರು, ಎಣ್ಣೆ, ಸುಣ್ಣದ ನೀರು. ಸರಿ ಉತ್ತರ ಎಂದು ಕೊಟ್ಟದ್ದು ಕುದಿಯುವ ನೀರು.

ಇಬ್ಬರೂ ನಕ್ಕೆವು. ಆಮೇಲೆ ಕೂತು ಅಂಕ ಕೂಡಿದೆವು. ನಗು ನಿಂತಿತು. ಹಿಂದಿನ ವರ್ಷ ಕೊನೆಯ ಸೀಟು ಸಿಕ್ಕ ಅಂಕಕ್ಕೆ ಒಂದು ಕಡಿಮೆ. ನಾಲ್ಕು ದಿನಕ್ಕೆ ಈ ವರ್ಷದ ತಾತ್ಕಾಲಿಕ ಪಟ್ಟಿ ಬಂತು. ಅಲ್ಲಿಯೂ ಒಂದೇ ಅಂಕ ಕಡಿಮೆ. ಆ ತಣ್ಣೀರಿನ ಅಂಕ.

ನಾನೊಂದು ತಪ್ಪೊಪ್ಪಿಕೊಳ್ಳಬೇಕು. ಉಷ್ಣತೆ ಹೆಚ್ಚಿದಂತೆ ದ್ರಾವ್ಯತೆ ಹೆಚ್ಚುತ್ತದೆ ಎಂಬ ವಾಕ್ಯವನ್ನು ಮೂವತ್ತನಾಲ್ಕು ವರ್ಷ ಕಪ್ಪುಹಲಗೆಯ ಮೇಲೆ ಬರೆದವಳು ನಾನು. ಬಿಸಿನೀರಲ್ಲಿ ಹೆಚ್ಚು ಕರಗುವ ಸಕ್ಕರೆ, ಉಪ್ಪು, ಪಟಿಕದ ಉದಾಹರಣೆ ಕೊಟ್ಟೆ. ರಕ್ತದ ಮಾತು ಬೇರೆ, ಅದು ಬಿಸಿಗೆ ಮೊಟ್ಟೆಯ ಹಾಗೆ ಗಟ್ಟಿಯಾಗುತ್ತದೆ ಎಂದು ಒಂದು ದಿನವೂ ಹೇಳಲಿಲ್ಲ. ಗೊತ್ತಿತ್ತು. ತೊಟ್ಟಿಯ ಕಟ್ಟೆಯ ಮೇಲೆ ಕೂತು ಕಲಿತದ್ದನ್ನು ತರಗತಿಗೆ ತರಲು ನನಗೆ ನಾಚಿಕೆ. ಆ ಪ್ರಶ್ನೆ ಬರೆದವನು ನನ್ನಂಥ ಟೀಚರಿಂದಲೇ ಕಲಿತಿದ್ದಾನು.

ಆಕ್ಷೇಪಣೆ ಸಲ್ಲಿಸಬಹುದಿತ್ತು. ಪಠ್ಯಪುಸ್ತಕದ ಪುಟಸಂಖ್ಯೆ ಕೊಡದ ಅರ್ಜಿಯನ್ನು ಕಿಟಕಿಯಲ್ಲೇ ವಾಪಸ್ ಕೊಡುತ್ತಿದ್ದರು. ನಾನು ಹಳೆಯ ಪುಸ್ತಕಗಳನ್ನೆಲ್ಲ ಕೆಡವಿ ಹುಡುಕಿದೆ. ರಕ್ತದಲ್ಲಿರುವುದು ಪ್ರೋಟೀನು. ಪ್ರೋಟೀನು ಬಿಸಿಗೆ ಹೆಪ್ಪುಗಟ್ಟುತ್ತದೆ. ಮೊಟ್ಟೆಯ ಪಾಠ, ಪುಟ ನೂರ ಹನ್ನೆರಡು. ಅರ್ಜಿ ಒಳಗೆ ಹೋಯಿತು. ವಿಚಾರಣೆಗೆ ದಿನ ಕೊಟ್ಟರು. ಬೆಳಿಗ್ಗೆ ಹನ್ನೊಂದು ಗಂಟೆ.

ಕಡ್ಡಿಯ ಅಮ್ಮ ಬೆಳಗಿನ ಪಾಳಿಯಿಂದ ನೇರ ಬಂದಳು. ಬಟ್ಟೆ ಬದಲಿಸಲು ಬಿಟ್ಟಿರಲಿಲ್ಲ. ನೀರು ತೊಟ್ಟಿಕ್ಕುತ್ತಿದ್ದ ಲಾಂಡ್ರಿಯ ನೀಲಿ ಏಪ್ರನ್. ಬರಿಗಾಲು, ಚಪ್ಪಲಿ ಕೈಯಲ್ಲಿ. ಪರೀಕ್ಷಾ ಮಂಡಳಿಯ ಮುಂಬಾಗಿಲಲ್ಲಿ ಕಾವಲಿನವನು ಅವಳ ಏಪ್ರನ್ ನೋಡಿದ. "ಕ್ಲೀನಿಂಗಿನವರು ಹಿಂದಿನಿಂದ ಬನ್ನಿ" ಎಂದ.

"ಇವರು ನಮ್ಮ ಸಾಕ್ಷಿ" ಎಂದಳು ಕಡ್ಡಿ.

ಅವನು ನನ್ನ ಬಿಳಿ ತಲೆ ನೋಡಿ ದಾರಿ ಬಿಟ್ಟ.

ಒಳಗೆ ನುಣುಪು ನೆಲ. ಅವಳ ಅಮ್ಮ ಹೆಜ್ಜೆಯಿಟ್ಟಲ್ಲೆಲ್ಲ ಒದ್ದೆ ಪಾದದ ಗುರುತು. ವಿಚಾರಣೆಯ ಕೋಣೆಯಲ್ಲಿ ಮೂವರಿದ್ದರು. ಮಂಡಳಿಯ ಅಧ್ಯಕ್ಷರು, ಪ್ರಶ್ನೆಪತ್ರಿಕೆ ತಯಾರಿಸಿದ ಪ್ರೊಫೆಸರ್, ಬರೆದುಕೊಳ್ಳಲು ಒಬ್ಬ ಕಾರ್ಯದರ್ಶಿ. ನಮಗೆ ಎರಡು ಕುರ್ಚಿ. ಕಾರ್ಯದರ್ಶಿ ನೆಲ ನೋಡಿದ, ಒಂದು ಹಳೆಯ ದಿನಪತ್ರಿಕೆ ತಂದು ಬಾಗಿಲ ಬಳಿ ಹಾಸಿದ.

"ಆಕೆ ಇದರ ಮೇಲೆ ನಿಲ್ಲಲಿ."

ಅವಳ ಅಮ್ಮ ಹೋಗಿ ಪತ್ರಿಕೆಯ ಮೇಲೆ ನಿಂತಳು. ಎರಡು ಪಾದಗಳನ್ನೂ ಜೋಡಿಸಿ, ಅಂಚು ದಾಟದ ಹಾಗೆ. ಕಡ್ಡಿ ಅದನ್ನೇ ನೋಡುತ್ತಿದ್ದಳು. ಆಗ ಚಹಾ ಕೊಡುವ ಹೆಂಗಸು ಬಂದಳು. ಸಾಹೇಬರಿಗೆ ಮೂರು ಲೋಟ ಇಟ್ಟು, ಹಿಂದಿರುಗುವಾಗ ಕಡ್ಡಿಯ ಅಮ್ಮನ ತೋಳಿಗೆ ಕೈ ತಾಗಿಸಿ, ಕಣ್ಣಲ್ಲೇ ಗೋಡೆ ತೋರಿಸಿದಳು. ಒರಗಿಕೋ ಎಂದು. ಅಷ್ಟೇ. ಆ ಕೋಣೆಯಲ್ಲಿ ಅವಳನ್ನು ಮನುಷ್ಯಳೆಂದು ಕಂಡದ್ದು ಆ ಒಂದು ಕೈ.

ಪ್ರೊಫೆಸರ್ ನಮ್ಮ ಅರ್ಜಿ ಓದಿದರು. ಕನ್ನಡಕ ತೆಗೆದರು.

"ನೀವು ಕೊಟ್ಟಿರೋದು ಮೊಟ್ಟೆಯ ಪಾಠ."

"ಪ್ರೋಟೀನಿನ ಪಾಠ ಸಾರ್" ಎಂದಳು ಕಡ್ಡಿ.

"ಪ್ರಶ್ನೆ ಬಟ್ಟೆಯದು. ಮೊಟ್ಟೆಯದಲ್ಲ. ನಮ್ಮ ಆಧಾರಗ್ರಂಥದಲ್ಲಿ ಸ್ಪಷ್ಟವಾಗಿದೆ. ಉಷ್ಣತೆ ಹೆಚ್ಚಿದಂತೆ ದ್ರಾವ್ಯತೆ ಹೆಚ್ಚುತ್ತೆ."

"ರಕ್ತ ಸಕ್ಕರೆ ಅಲ್ಲ ಸಾರ್."

"ನೀನು ನನಗೆ ಪಾಠ ಮಾಡ್ತೀಯಾ? ಎರಡನೇ ಸಲ ಫೇಲಾದವಳು!"

ಕಡ್ಡಿಯ ಕುತ್ತಿಗೆಯ ನರ ಎದ್ದು ಕಂಡಿತು. ಅವಳು ದನಿ ಎತ್ತಲಿಲ್ಲ. "ನಮ್ಮಮ್ಮನ್ನ ಕೇಳಿ. ಇಪ್ಪತ್ತೆರಡು ವರ್ಷದಿಂದ ದಿನಾ ಅದೇ ಕೆಲಸ ಮಾಡಿದ್ದಾರೆ."

ಅಧ್ಯಕ್ಷರು ಮೆಲ್ಲಗೆ ನಕ್ಕರು. ಕೆಟ್ಟ ಮನುಷ್ಯರಲ್ಲ, ಸುಸ್ತಾದವರು. "ಇದು ವಿಜ್ಞಾನ ತಾಯಿ. ಒಗೆಯೋ ಕಲ್ಲಲ್ಲ."

ಆಗ ಬಾಗಿಲ ಬಳಿಯಿಂದ ದನಿ ಬಂತು.

"ಸಾರ್, ಎರಡು ಲೋಟ ಕೊಡ್ತೀರಾ?"

ಬಾಗಿಲಾಚೆ ನಿಂತಿದ್ದ ಚಹಾದ ಹೆಂಗಸು ಯಾರ ಅಪ್ಪಣೆಗೂ ಕಾಯದೆ ಎರಡು ಖಾಲಿ ಲೋಟ ತಂದಳು. ಒಂದಕ್ಕೆ ಕೆಟಲಿನ ಬಿಸಿನೀರು. ಇನ್ನೊಂದಕ್ಕೆ ಹೂಜಿಯ ನೀರು. ಕಡ್ಡಿಯ ಅಮ್ಮ ಮೇಜಿನ ಬಳಿ ಬಂದು, ಏಪ್ರನ್ನಿನ ಜೇಬಿನಿಂದ ಬಿಳಿ ಚಿಂದಿ ತೆಗೆದು ಎರಡು ಹೋಳು ಮಾಡಿದಳು. ಬಲಗೈ ಹೆಬ್ಬೆರಳಿನ ಸೀಳನ್ನು ಎಡಗೈಯಿಂದ ಒತ್ತಿದಳು. ಒಣಗಿದ ಸೀಳು ಬಾಯಿಬಿಟ್ಟಿತು. ಮೊದಲು ನೀರಿನಂಥದು ಬಂತು, ಆಮೇಲೆ ರಕ್ತ. ಒಂದು ಚಿಂದಿಗೆ ಒಂದು ಒತ್ತು. ಇನ್ನೊಂದಕ್ಕೆ ಒಂದು ಒತ್ತು. ಒಂದೊಂದು ಲೋಟಕ್ಕೆ ಒಂದೊಂದನ್ನು ಹಾಕಿದಳು.

"ಏನಿದು ಅಸಹ್ಯ!" ಎಂದರು ಪ್ರೊಫೆಸರ್, ಲೋಟ ಹಿಂದಕ್ಕೆ ಸರಿಸಿ.

"ನಿಮ್ಮ ಪ್ರಶ್ನೆಯೇ ಸಾರ್" ಎಂದಳು ಅವಳ ಅಮ್ಮ. "ನೂರು ಎಣಿಸಿ."

ಅವರು ಬಾಯಿಬಿಟ್ಟು ಎಣಿಸಲಿಲ್ಲ. ಆದರೆ ಕೋಣೆಯಲ್ಲಿ ಎಲ್ಲರೂ ಒಳಗೊಳಗೇ ಎಣಿಸಿದೆವು ಎಂದು ನನಗೆ ಗೊತ್ತು. ತಣ್ಣೀರು ಗುಲಾಬಿ ಬಣ್ಣಕ್ಕೆ ತಿರುಗಿತು. ಬಿಸಿನೀರು ತಿಳಿಯಾಗೇ ಇತ್ತು. ಅವಳ ಅಮ್ಮ ಎರಡೂ ಚಿಂದಿ ತೆಗೆದಳು. ಒಂದೇ ಸಮ ಉಜ್ಜಿದಳು. ಹಿಂಡಿ ಮೇಜಿನ ಮೇಲೆ ಹರಡಿದಳು. ತಣ್ಣೀರಿನದು ಬಿಳಿ. ಬಿಸಿನೀರಿನದರಲ್ಲಿ ಕಂದು ಕಲೆ, ತುಕ್ಕಿನಂತೆ, ಕೂತುಬಿಟ್ಟಿತ್ತು.

"ಸೋಪು ಹಾಕಿದ್ರೆ ಹೋಗುತ್ತೆ" ಎಂದರು ಪ್ರೊಫೆಸರ್.

"ಹೋಗಲ್ಲ ಸಾರ್. ಸೋಪು ಕೊಡ್ತೀನಿ, ನೀವೇ ಉಜ್ಜಿ ನೋಡಿ."

ಅವರು ಮುಟ್ಟಲಿಲ್ಲ. ಅವಳ ಅಮ್ಮ ತಾನಾಗಿಯೇ ಹಿಂದೆ ಹೋಗಿ ಪತ್ರಿಕೆಯ ಮೇಲೆ ನಿಂತಳು. ಮೂವರೂ ತಲೆ ಕೂಡಿಸಿ ಪಿಸುಗುಟ್ಟಿದರು. ಕಾರ್ಯದರ್ಶಿ ಒಂದು ಹಾಳೆಯಲ್ಲಿ ಏನೋ ಬರೆದು ಅಧ್ಯಕ್ಷರಿಗೆ ಕೊಟ್ಟ. ಅಧ್ಯಕ್ಷರು ಅದನ್ನು ಕಡ್ಡಿಯ ಮುಂದೆ ತಳ್ಳಿದರು.

"ನೋಡಮ್ಮ, ನಿನ್ನ ಶ್ರಮ ಕಂಡಿದ್ದೀವಿ. ಒಂದು ಕೃಪಾಂಕ ಕೊಡ್ತೀವಿ. ನಿನಗೆ ಸೀಟು ಸಿಗುತ್ತೆ. ಇಲ್ಲಿ ಸಹಿ ಹಾಕು."

ನಾನು ಓದಿದೆ. ಈಗಲೂ ಬಾಯಿಪಾಠವಿದೆ. "ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳುವಲ್ಲಿ ನನಗೆ ಗೊಂದಲವಾಗಿತ್ತು. ಮಂಡಳಿಯ ಉತ್ತರ ಸರಿಯಾಗಿದೆ. ಸಹಾನುಭೂತಿಯಿಂದ ನೀಡಲಾದ ಒಂದು ಕೃಪಾಂಕವನ್ನು ಸ್ವೀಕರಿಸುತ್ತೇನೆ."

ನನಗೆ ಕಂಡದ್ದು ಸೀಟು ಮಾತ್ರ. ನನ್ನ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಅವಳ ಕೈಗಿಟ್ಟವಳು ನಾನೇ. "ಹಾಕು ಮಗಳೇ" ಎಂದೆ. ಬಾಗಿಲ ಬಳಿಯಿಂದ ಅವಳ ಅಮ್ಮನೂ ಹೇಳಿದಳು. "ಹಾಕೇ. ಬೇಗ ಹಾಕು."

ಕಡ್ಡಿ ಪೆನ್ನು ಹಿಡಿದಿದ್ದಳು. ಹಾಳೆಯನ್ನು ಮತ್ತೊಮ್ಮೆ ಓದಿದಳು.

"ಸಾರ್, ತಣ್ಣೀರು ಅಂತ ಬರೆದವರು ಇನ್ನೆಷ್ಟು ಜನ?"

ಕಾರ್ಯದರ್ಶಿ ಅಧ್ಯಕ್ಷರ ಮುಖ ನೋಡಿದ. ಅವರು ತಲೆಯಾಡಿಸಿದ ಮೇಲೆ ಕಂಪ್ಯೂಟರ್ ನೋಡಿ ಹೇಳಿದ. "ಎರಡು ಸಾವಿರದ ನಲವತ್ತು."

"ಅವರಿಗೆ?"

"ಅವರು ಆಕ್ಷೇಪಣೆ ಹಾಕಿಲ್ಲ. ನಿಯಮ ಇದೆ."

"ಅಷ್ಟು ಮನೇಲಿ ಯಾರೋ ಬಟ್ಟೆ ಒಗೀತಾರೆ ಸಾರ್. ಅವರಿಗೆಲ್ಲ ಗೊಂದಲವಾ?"

"ನಿನ್ನ ವಿಷಯ ನೋಡ್ಕೋ" ಎಂದರು ಪ್ರೊಫೆಸರ್. "ಕೈಗೆ ಬಂದದ್ದು ಬಿಡಬೇಡ."

ಕಡ್ಡಿ ಎದ್ದು ನಿಂತಳು. ಅವರ ಕಡೆ ನೋಡಲಿಲ್ಲ. ಬಾಗಿಲ ಕಡೆ ತಿರುಗಿದಳು.

"ಅಮ್ಮಾ, ಆ ಪೇಪರಿನಿಂದ ಇಳಿ."

ಅವಳ ಅಮ್ಮನಿಗೆ ಅರ್ಥವಾಗಲಿಲ್ಲ. "ನೆಲ ಒದ್ದೆ ಆಗುತ್ತೆ ಕಣೇ."

"ಆಗ್ಲಿ. ಇಳಿ."

ಅವಳು ಒಂದು ಕಾಲು ಇಳಿಸಿದಳು. ಆಮೇಲೆ ಇನ್ನೊಂದು. ಪತ್ರಿಕೆ ಅವಳ ಹಿಮ್ಮಡಿಗೆ ಅಂಟಿ ಬಂತು, ಹರಿಯಿತು.

ಕಡ್ಡಿ ಹಾಳೆಯನ್ನು ಮೇಜಿನ ಮೇಲೆ ಹಿಂದಕ್ಕೆ ತಳ್ಳಿದಳು. ಲಾಂಡ್ರಿಯಲ್ಲಿ ಅವಳ ಹೆಸರಿಗೆ ಇನ್ನೊಂದು ಅರ್ಥವೂ ಇತ್ತು. ಮಾತಾಡಿದರೆ ಕಡ್ಡಿ ಮುರಿದ ಹಾಗೆ.

"ನನಗೆ ಕೃಪೆ ಬೇಡ ಸಾರ್. ಅಂಕ ಕೊಡಿ. ಉತ್ತರ ಸರಿ ಇದೆ, ಅದಕ್ಕೆ ಕೊಡಿ. ಎಲ್ಲರಿಗೂ ಕೊಡಿ. ನಮ್ಮಮ್ಮ ಇಪ್ಪತ್ತೆರಡು ವರ್ಷ ತಣ್ಣೀರಲ್ಲಿ ನಿಂತಿದ್ದು ಗೊಂದಲದಿಂದ ಅಲ್ಲ. ಬಿಸಿನೀರು ಅಲ್ಲೇ ಇತ್ತು. ಕೈ ಚಾಚಿದ್ರೆ ಸಿಗ್ತಿತ್ತು. ನಿಮ್ಮ ಉತ್ತರ ಸರಿ ಅಂತ ನಾನು ಬರೆದ್ರೆ, ಅವರು ಸುಮ್ಮನೆ ನಿಂತಿದ್ರು ಅಂತ ಬರೆದ ಹಾಗೆ. ಅದು ನನ್ನ ಕೈಲಿ ಆಗಲ್ಲ."

ಅಧ್ಯಕ್ಷರು ಹಣೆ ಒತ್ತಿಕೊಂಡರು. "ಮೂರೇ ಅವಕಾಶ. ಇನ್ನೊಂದೇ ಉಳಿದಿರೋದು. ಗೊತ್ತಲ್ಲ?"

"ಗೊತ್ತು."

"ಮುಂದಿನ ವರ್ಷ ಈ ಅಂಕವೂ ಬರದೇ ಹೋಗಬಹುದು."

"ಬರದೇ ಹೋಗಬಹುದು." ಅವಳು ಪೆನ್ನನ್ನು ನನ್ನ ಕೈಗೆ ವಾಪಸ್ ಕೊಟ್ಟಳು. "ಆಕ್ಷೇಪಣೆ ತಿರಸ್ಕರಿಸಿದ್ದೀವಿ ಅಂತ ಬರೆದುಕೊಡಿ. ಯಾಕೆ ಅನ್ನೋದನ್ನೂ ಬರೀರಿ."

ಕಾರಣ ಬರೆಯಲು ಅವರಿಗೆ ಅರ್ಧ ಗಂಟೆ ಹಿಡಿಯಿತು. ನಾವು ನಿಂತೇ ಕಾದೆವು, ಮೂವರೂ. ಕುರ್ಚಿಗಳು ಖಾಲಿ ಇದ್ದವು. ಕೊನೆಗೆ ಸಿಕ್ಕಿದ್ದು ಒಂದು ಸಾಲು: "ಪಠ್ಯಾಧಾರ ಸಾಲದ ಕಾರಣ." ಅಧ್ಯಕ್ಷರ ಸಹಿ, ಮೊಹರು. ಮೇಜಿನ ಮೇಲಿದ್ದ ಎರಡು ಚಿಂದಿಗಳನ್ನು ತೆಗೆಯಲು ಕಾರ್ಯದರ್ಶಿ ಚಹಾದ ಹೆಂಗಸಿಗೆ ಸನ್ನೆ ಮಾಡಿದ. ಅವಳು ಬಿಳಿಯದನ್ನು ಎತ್ತಿಕೊಂಡು ಕಡ್ಡಿಯ ಅಮ್ಮನ ಹೆಬ್ಬೆರಳಿಗೆ ಬಿಗಿಯಾಗಿ ಕಟ್ಟಿದಳು. ಕಲೆಯದನ್ನು ಅಲ್ಲೇ ಬಿಟ್ಟಳು.

"ಅದನ್ನೂ ತೆಗಿ" ಎಂದ ಕಾರ್ಯದರ್ಶಿ.

"ಅದು ಸಾಹೇಬ್ರ ಉತ್ತರ ಅಲ್ವಾ" ಎಂದು ಅವಳು ಕೆಟಲ್ ಎತ್ತಿಕೊಂಡು ಹೊರಟುಹೋದಳು.

ಹೊರಗೆ ಸುಡುಬಿಸಿಲು. ಗೋಡೆಯ ಪಕ್ಕ ಒಂದು ಕಲ್ಲುಬೆಂಚು. ಕಡ್ಡಿಯ ಅಮ್ಮ ಬೆಂಚಿನ ಬಳಿ ನಿಂತಳು, ತಿರುಗಿದಳು, ಮಗಳ ತೋಳಿಗೆ ಒಂದು ಬಾರಿಸಿದಳು.

"ಸೀಟು ಕಣೇ! ಕೈಯಲ್ಲಿತ್ತು! ನಾನೇ ಹೇಳ್ತಿದ್ದೀನಿ ಹಾಕು ಅಂತ, ನಿಂಗೇನು ದೊಡ್ಡ ರೋಗ? ನನ್ನ ಮಾನ ಕಾಯೋಕೆ ನಿನ್ನನ್ನ ಯಾರು ಕೇಳಿದ್ರು? ನನಗೆ ಮಾನ ಬೇಕಾಗಿರಲಿಲ್ಲ. ನೀನು ಆ ತೊಟ್ಟಿಗೆ ಇಳಿಯದೇ ಇದ್ರೆ ಸಾಕಿತ್ತು."

ಕಡ್ಡಿ ಅಳಲಿಲ್ಲ. ಪೆಟ್ಟು ಬಿದ್ದ ತೋಳನ್ನೂ ಮುಟ್ಟಿಕೊಳ್ಳಲಿಲ್ಲ. "ಬೈಯಿ" ಎಂದಳು. "ಇನ್ನೂ ಬೈಯಿ."

"ಟೀಚರಮ್ಮ, ನೀವಾದ್ರೂ ಹೇಳಬಾರದಿತ್ತಾ?"

"ಹೇಳಿದೆನಲ್ಲಮ್ಮ" ಎಂದೆ. "ಸಹಿ ಹಾಕು ಅಂತಾನೇ ಹೇಳಿದೆ. ನಾನು ಹೇಳಿದ್ದು ತಪ್ಪು."

ಅವಳು ನನ್ನನ್ನು ನೋಡಿದಳು. ಸಿಟ್ಟಿತ್ತು. ಬೆಂಚಿನ ತುದಿಯಲ್ಲಿ ಕೂತಳು. ಹೆಬ್ಬೆರಳಿನ ಕಟ್ಟು ಆಗಲೇ ಕೆಂಪಾಗಿತ್ತು. ಎರಡು ಗಂಟೆಗೆ ಅವಳ ಮುಂದಿನ ಪಾಳಿ. ಬೆಳಿಗ್ಗೆ ಎರಡು ತಾಸು ಬಿಟ್ಟದ್ದಕ್ಕೆ ಬದಲಾಗಿ ಸಂಜೆ ನಾಲ್ಕು ತಾಸು ಹೆಚ್ಚು ದುಡಿಯಬೇಕಿತ್ತು. ಅದೇ ಕರಾರಿನ ಮೇಲೆ ಬಿಟ್ಟಿದ್ದರು.

ಬಸ್ಸುಗಳು ಹೋದವು. ಕಡ್ಡಿ ನನ್ನ ಚೀಲದಿಂದ ಜೀವಶಾಸ್ತ್ರದ ಪುಸ್ತಕ ತೆಗೆದಳು. ತೆಗೆದು ಮಡಿಲಲ್ಲಿಟ್ಟುಕೊಂಡಳು. ತೆರೆಯಲಿಲ್ಲ.

"ಅಲ್ಲ ಕಣೇ" ಎಂದಳು ಅವಳ ಅಮ್ಮ, ರಸ್ತೆ ನೋಡುತ್ತಲೇ. "ಮುಂದಿನ ಸಲ ಅದೇ ಪ್ರಶ್ನೆ ಕೇಳಿದ್ರೆ?"

"ಕೇಳ್ತಾರೆ. ಹಳೇ ಪ್ರಶ್ನೆ ಮತ್ತೆ ಹಾಕ್ತಾರೆ."

"ಏನು ಬರೀತೀಯ?"

"ತಣ್ಣೀರು."

"ಅದೂ ಹೋಗುತ್ತಲ್ಲೇ, ಆ ಅಂಕ."

"ಹೋಗ್ಲಿ. ಬೇರೆ ಕಡೆ ಒಂದು ಹೆಚ್ಚು ತಗೋತೀನಿ."

ಅವಳ ಅಮ್ಮ ಮೂಗು ಎಳೆದುಕೊಂಡಳು. ಆ ಸದ್ದು ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಏಪ್ರನ್ನಿನೊಳಗೆ ಕೈಹಾಕಿ ಒಂದು ಸಣ್ಣ ಊಟದ ಡಬ್ಬಿ ತೆಗೆದಳು. ಕಟ್ಟಿದ ಹೆಬ್ಬೆರಳಿಗೆ ಮುಚ್ಚಳ ಜಗ್ಗಲಿಲ್ಲ. ಹಲ್ಲಿನಿಂದ ಕಚ್ಚಿ ತೆರೆದಳು. ಅನ್ನ, ಮೇಲೆ ಒಂದಿಷ್ಟು ಬೇಯಿಸಿದ ತರಕಾರಿ. ಬೆಳಗಿನಿಂದ ಮುಟ್ಟಿರಲಿಲ್ಲ. ಮಗಳ ಮಡಿಲಿನ ಪುಸ್ತಕದ ಮೇಲೆ ಇಟ್ಟಳು.

"ನಿನಗೆ?" ಎಂದಳು ಕಡ್ಡಿ.

ಅವಳ ಅಮ್ಮ ಬಗ್ಗಿ ಡಬ್ಬಿಯನ್ನು ಮಗಳ ಕಡೆಗೆ ಇನ್ನೊಂದಿಷ್ಟು ತಳ್ಳಿದಳು. ಚಪ್ಪಲಿ ಮೆಟ್ಟಿಕೊಂಡು ಪಾಳಿಗೆ ಹೊರಟಳು.